ಅಂಕಿಯ ಪ್ರಾಮಾಣ್ಯ

ಕನ್ನಡದಲ್ಲಿ ‘ಪ್ರಮಾಣ’ ಎಂಬ ಒಂದೇ ಪದ ಅಳತೆಯನ್ನೂ ಆಣೆಯನ್ನೂ ಯಥಾರ್ಥ ಜ್ಞಾನದ ಸಾಧನವನ್ನೂ ಹೇಳುತ್ತದೆ. ಕಚೇರಿಯಲ್ಲಿ ವೇತನ ಬಿಲ್ಲು ಸಿದ್ಧಪಡಿಸುವ ನೌಕರರು ಸ್ಪ್ರೆಡ್‌ಶೀಟಿನ ಕೊನೆಯ ಸಾಲಿನಿಂದ ಒಟ್ಟು ಮೊತ್ತವನ್ನು ತೆಗೆದು, ಲೆಕ್ಕ ಸರಿಯಿದೆಯೆಂದು ದೃಢೀಕರಿಸಿ ಸಹಿ ಮಾಡುವಾಗ ಈ ಮೂರು ಅರ್ಥಗಳೂ ಒಂದೇ ಕಾಗದದ ಮೇಲೆ ಕೂಡುತ್ತವೆ: ಮೊತ್ತವು ಅಳತೆ, ದೃಢೀಕರಣವು ಒಂದು ಬಗೆಯ ಆಣೆ, ಆ ಅಳತೆ ನಿಜವೆಂಬುದು ಅವರಿಗೆ ಯಾವುದರಿಂದ ತಿಳಿಯಿತು ಎಂಬುದು ಜ್ಞಾನಸಾಧನದ ಪ್ರಶ್ನೆ. ಸ್ಪ್ರೆಡ್‌ಶೀಟಿನ ಮಧ್ಯಮ ಹಂತದ ಕಲಿಕೆಯನ್ನು ಸಾಮಾನ್ಯವಾಗಿ ವೇಗದ, ಬಡ್ತಿಯ ವಿಷಯವೆಂದು ಬಗೆಯುತ್ತಾರೆ. ಆದರೆ ಈ ಮೂರನೆಯ ಪ್ರಶ್ನೆಯ ಬೆನ್ನು ಹತ್ತಿ ಹೋದರೆ, ತಾನು ಸಹಿ ಹಾಕುವ ಮಾತನ್ನು ನಂಬುವ ಅಧಿಕಾರ ಒಬ್ಬರಿಗೆ ಯಾವಾಗ ಬರುತ್ತದೆ ಎಂಬ ಜಿಜ್ಞಾಸೆಗೆ ಅದು ಕೊಂಡೊಯ್ಯುತ್ತದೆ.

ಅಂಕಿಗಳನ್ನು ತುಂಬುವುದು, ಕೂಡಿಸುವುದು, ಮುದ್ರಿಸುವುದು ಇಷ್ಟೇ ಬಲ್ಲವರದು ಮೊದಲ ಹಂತ. ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ವಿವರವನ್ನು ಹುಡುಕಿ ತರುವುದು, ಷರತ್ತಿಗೆ ಒಳಪಟ್ಟ ಲೆಕ್ಕ ಮಾಡುವುದು, ಸಾವಿರಾರು ಸಾಲುಗಳನ್ನು ಪಿವಟ್ ಕೋಷ್ಟಕದಲ್ಲಿ ಇಲಾಖಾವಾರು ಸಂಗ್ರಹಿಸುವುದು ಮಧ್ಯಮ ಹಂತ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಲೆಕ್ಕದ ಹಾಳೆಯನ್ನು ಕಂಪ್ಯೂಟರಿನ ಪರದೆಗೆ ತಂದಾಗಿನಿಂದ, ಒಂದು ಅಂಕಿ ಬದಲಾದರೆ ಅದನ್ನು ಆಶ್ರಯಿಸಿದ ಅಂಕಿಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ಕರ್ನಾಟಕದಲ್ಲಿ 2012ರ ನಿಯಮಗಳ ಅನ್ವಯ ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿ ಬಂದದ್ದರಿಂದ ಮೊದಲ ಹಂತದ ಪರಿಚಯ ವ್ಯಾಪಕವಾಗಿದೆ. ಆದರೆ ಎರಡು ಹಂತಗಳ ನಡುವಿನ ಅಂತರ ಕೇವಲ ಹೆಚ್ಚು ಕಡಿಮೆಯದಲ್ಲ. ಅಂಕಿಯನ್ನು ಬೆರಳಚ್ಚು ಮಾಡುವವರು ಒಂದು ಸಂಗತಿಯನ್ನು ಹೇಳುತ್ತಾರೆ, ತಪ್ಪಿದರೆ ಒಂದು ಕಡೆ ತಪ್ಪುತ್ತಾರೆ. ಸೂತ್ರ ಬರೆಯುವವರು ಒಂದು ನಿಯಮವನ್ನು ವಿಧಿಸುತ್ತಾರೆ, ಅದು 10,48,576 ಸಾಲುಗಳ ಹಾಳೆಯಲ್ಲಿ ಎಳೆದಷ್ಟು ದೂರವೂ ಹರಡುತ್ತದೆ. ಫಾರ್ಮುಲಾವನ್ನು ಕನ್ನಡವು ‘ಸೂತ್ರ’ ಎಂದು ಕರೆದದ್ದು ಆಕಸ್ಮಿಕವಿರಬಹುದಾದರೂ ಉಚಿತವಾಗಿದೆ, ಏಕೆಂದರೆ ಶಾಸ್ತ್ರದ ಸೂತ್ರದಂತೆಯೇ ಇದೂ ಅಲ್ಪಾಕ್ಷರದಲ್ಲಿ ಅನೇಕ ಸಂದರ್ಭಗಳನ್ನು ಆಳುತ್ತದೆ.

ಹುಟ್ಟಿದ ಜ್ಞಾನ ಸರಿಯೆಂದು ಹೇಗೆ ಗೊತ್ತಾಗುತ್ತದೆ ಎಂಬ ವಿಷಯದಲ್ಲಿ ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದ ನಡೆಸಿವೆ. ಜ್ಞಾನದ ಪ್ರಾಮಾಣ್ಯ, ಅಂದರೆ ಅದರ ಸತ್ಯತೆ, ಹೊರಗಿನ ಆಧಾರದಿಂದ ನಿಶ್ಚಯವಾಗಬೇಕು, ನೀರೆಂದು ಕಂಡದ್ದು ದಾಹ ತಣಿಸಿದ ಮೇಲೆಯೇ ನೀರೆಂಬುದು ಖಚಿತ ಎನ್ನುವ ನೈಯಾಯಿಕರದು ಪರತಃಪ್ರಾಮಾಣ್ಯ ವಾದ. ಜ್ಞಾನ ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ, ಪ್ರತಿಯೊಂದಕ್ಕೂ ಇನ್ನೊಂದರ ಸಾಕ್ಷಿ ಕೇಳುತ್ತ ಹೋದರೆ ಕೊನೆಯೇ ಇಲ್ಲದ ಅನವಸ್ಥೆಯಾಗುತ್ತದೆ ಎನ್ನುವ ಮೀಮಾಂಸಕರದು ಸ್ವತಃಪ್ರಾಮಾಣ್ಯ ವಾದ. ಕಚೇರಿಯ ಜನ ಮೀಮಾಂಸೆಯನ್ನು ಓದದಿದ್ದರೂ ಆಚರಣೆಯಲ್ಲಿ ಸ್ವತಃಪ್ರಾಮಾಣ್ಯವಾದಿಗಳಂತೆಯೇ ಕಾಣುತ್ತಾರೆ: ಪರದೆಯ ಮೇಲೆ ಮೂಡಿದ ಮೊತ್ತ, ತಪ್ಪೆಂದು ಯಾರಾದರೂ ತೋರಿಸುವವರೆಗೆ, ಸರಿಯಾದ ಮೊತ್ತ.

ಆದರೆ ಈ ಹೋಲಿಕೆ ಮೇಲುಮೇಲಿನದು. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಈ ನಂಬಿಕೆಯನ್ನು ನಿರ್ಬಂಧವಿಲ್ಲದೆ ಬಿಟ್ಟವನಲ್ಲ; ಹುಟ್ಟಿದ ಜ್ಞಾನವನ್ನು ಎರಡು ಸಂಗತಿಗಳು ತಳ್ಳಿಹಾಕಬಲ್ಲವು ಎಂಬುದು ಅವನ ಮತ. ಒಂದು ಬಾಧಕಜ್ಞಾನ, ಅಂದರೆ ವಿಷಯ ಹಾಗಿಲ್ಲವೆಂದು ನೇರವಾಗಿ ತೋರಿಸುವ ಇನ್ನೊಂದು ಅರಿವು. ಎರಡನೆಯದು ಕಾರಣದೋಷಜ್ಞಾನ, ಅಂದರೆ ಅರಿವನ್ನು ಹುಟ್ಟಿಸಿದ ಸಾಧನದಲ್ಲಿಯೇ ಕೊರತೆಯಿದೆಯೆಂಬ ತಿಳಿವಳಿಕೆ, ಕಾಮಾಲೆಯ ಕಣ್ಣಿಗೆ ಬಿಳಿಯ ಶಂಖ ಹಳದಿಯಾಗಿ ಕಂಡಾಗ ಕಣ್ಣಿನ ರೋಗ ಗೊತ್ತಾಗುವಂತೆ. ಇಡೀ ವಿಷಯದ ತಿರುಳು ಇರುವುದು ಇಲ್ಲಿ. ಸಾಧನದಲ್ಲಿ ದೋಷ ಎಲ್ಲೆಲ್ಲಿ ಇರಬಹುದೆಂದು ತಿಳಿಯದವರಿಗೆ ಕಾರಣದೋಷಜ್ಞಾನ ಹುಟ್ಟುವ ದಾರಿಯೇ ಇಲ್ಲ. ಆದ್ದರಿಂದ ಅವರ ನಂಬಿಕೆ ಮೀಮಾಂಸಕನ ನಂಬಿಕೆಯಲ್ಲ, ವಿಚಾರವೇ ನಡೆಯದ ಸ್ಥಿತಿ. ಮಧ್ಯಮ ಹಂತದ ಕಲಿಕೆ ನೌಕರರಿಗೆ ಕೊಡುವುದು ಮುಖ್ಯವಾಗಿ ವೇಗವನ್ನಲ್ಲ, ಈ ಕಾರಣದೋಷವನ್ನು ಕಾಣುವ ಕಣ್ಣನ್ನು.

ವಿಲುಕಪ್ ಎಂಬ ಸೂತ್ರ ಇದಕ್ಕೆ ಒಳ್ಳೆಯ ನಿದರ್ಶನ. ಸಿಬ್ಬಂದಿ ಸಂಖ್ಯೆಯನ್ನು ಕೊಟ್ಟರೆ ಇನ್ನೊಂದು ಪಟ್ಟಿಯ ಮೊದಲ ಕಂಬಸಾಲಿನಲ್ಲಿ ಅದನ್ನು ಹುಡುಕಿ, ಅದೇ ಸಾಲಿನ ಮೂಲವೇತನವನ್ನು ತಂದುಕೊಡುವುದು ಅದರ ಕೆಲಸ. ಅದಕ್ಕೆ ಕೊಡಬೇಕಾದ ನಾಲ್ಕನೆಯ ಅಂಶ ನಿಖರ ಹೊಂದಿಕೆ ಬೇಕೋ ಅಂದಾಜು ಹೊಂದಿಕೆ ಸಾಕೋ ಎಂಬುದನ್ನು ಹೇಳುತ್ತದೆ. ಅದನ್ನು ಬರೆಯದೆ ಬಿಟ್ಟರೆ ಸೂತ್ರವು ಅಂದಾಜನ್ನೇ ಆರಿಸಿಕೊಂಡು, ಪಟ್ಟಿ ಏರಿಕೆಯ ಕ್ರಮದಲ್ಲಿದೆಯೆಂದು ಭಾವಿಸಿ ಹುಡುಕುತ್ತದೆ. ಆದಾಯದ ಹಂತಕ್ಕೆ ತಕ್ಕ ತೆರಿಗೆ ದರವನ್ನು ಹುಡುಕುವಾಗ ಇದು ಗುಣವೇ ಸರಿ, ಆದರೆ ಕ್ರಮವಿಲ್ಲದ ಸಿಬ್ಬಂದಿ ಪಟ್ಟಿಯಲ್ಲಿ ಅದೇ ಗುಣ ದೋಷವಾಗಿ, ಒಬ್ಬರ ಹೆಸರಿನ ಮುಂದೆ ಮತ್ತೊಬ್ಬರ ಸಂಬಳ ಯಾವ ಎಚ್ಚರಿಕೆಯೂ ಇಲ್ಲದೆ ಬಂದು ಕೂರಬಹುದು. ಭ್ರಮೆಯ ಬಗ್ಗೆ ನೈಯಾಯಿಕರು ಹೇಳುವ ಅನ್ಯಥಾಖ್ಯಾತಿ ಇದೇ: ಚಿಪ್ಪಿನಲ್ಲಿ ಕಂಡ ಬೆಳ್ಳಿ ಎಲ್ಲಿಯೂ ಇಲ್ಲದ ವಸ್ತುವಲ್ಲ, ಬೇರೆಡೆ ಇರುವ ನಿಜವಾದ ಬೆಳ್ಳಿಯೇ ಇಲ್ಲಿ ತೋರುತ್ತಿದೆ ಎಂಬುದು ಅವರ ವಿವರಣೆ. ತಪ್ಪಿ ಬಂದ ಸಂಬಳವೂ ಕಲ್ಪಿತ ಅಂಕಿಯಲ್ಲ, ಯಾರದೋ ನಿಜವಾದ ಸಂಬಳ. ಅದಕ್ಕಾಗಿಯೇ ಅದು ಅಷ್ಟು ಸಹಜವಾಗಿ ಕಣ್ತಪ್ಪಿಸುತ್ತದೆ. 2019ರಲ್ಲಿ ಬಂದ ಎಕ್ಸ್‌ಲುಕಪ್ ಎಂಬ ಹೊಸ ಸೂತ್ರ ನಿಖರ ಹೊಂದಿಕೆಯನ್ನೇ ಸಹಜ ಕ್ರಮವಾಗಿಟ್ಟುಕೊಂಡಿದ್ದರೂ, ಹಳೆಯ ಕಡತಗಳು ಹಳೆಯ ಸೂತ್ರದಲ್ಲಿಯೇ ನಡೆಯುತ್ತಿರುತ್ತವೆ.

ನಿಖರ ಹೊಂದಿಕೆ ಕೇಳಿದಾಗ ಹುಡುಕಿದ್ದು ಸಿಗದಿದ್ದರೆ ವಿಲುಕಪ್ ‘ಎನ್‌ಎ’ ಎಂಬ ದೋಷಸೂಚನೆಯನ್ನು ತೋರಿಸುತ್ತದೆ, ಅಂದರೆ ‘ಲಭ್ಯವಿಲ್ಲ’. ಹಾಳೆಯ ಅಂದ ಕೆಡುತ್ತದೆಂದು ಇದನ್ನು ಇಫ್‌ಎರರ್ ಎಂಬ ಇನ್ನೊಂದು ಸೂತ್ರದಿಂದ ಮುಚ್ಚಿ ಆ ಜಾಗದಲ್ಲಿ ಸೊನ್ನೆ ಬರುವಂತೆ ಮಾಡುವ ರೂಢಿ ಕಚೇರಿಗಳಲ್ಲಿದೆ. ಇದು ಸಣ್ಣ ಸಂಗತಿಯಲ್ಲ. ಕುಮಾರಿಲನ ಅನುಯಾಯಿಗಳಾದ ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಸ್ವತಂತ್ರವಾದ ಆರನೆಯ ಪ್ರಮಾಣವೆಂದು ಒಪ್ಪಿದರು. ಮೇಜಿನ ಮೇಲೆ ಕೊಡವಿಲ್ಲವೆಂಬುದೂ ಒಂದು ಅರಿವು, ಅರಿವಿನ ಅಭಾವವಲ್ಲ. ‘ಲಭ್ಯವಿಲ್ಲ’ ಎಂಬ ಆ ಸೂಚನೆ ಅಂಥದೊಂದು ಅರಿವಾಗಿದ್ದು, ಅದನ್ನು ಸೊನ್ನೆಯಾಗಿಸಿದಾಗ ‘ಇವರ ವೇತನ ಪಟ್ಟಿಯಲ್ಲಿ ಸಿಗಲಿಲ್ಲ’ ಎಂಬ ಸತ್ಯ ‘ಇವರಿಗೆ ವೇತನವಿಲ್ಲ’ ಎಂಬ ಸುಳ್ಳಾಗಿ ಮಾರ್ಪಡುತ್ತದೆ. ಮೀಮಾಂಸಕರು ಇನ್ನೂ ಒಂದು ಷರತ್ತು ಹಾಕಿದ್ದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಆ ಕಾಣದಿರುವಿಕೆ ಪ್ರಮಾಣ, ಕತ್ತಲೆಯಲ್ಲಿ ಕೊಡ ಕಾಣದಿದ್ದರೆ ಅದು ಇಲ್ಲವೆನ್ನಲಾಗದು. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಹಾಳೆಯಲ್ಲಿಯೂ ಇಂಥ ಕತ್ತಲೆಯುಂಟು: ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದಿದ್ದರೂ, ಸಂಖ್ಯೆಯು ಪಠ್ಯದ ರೂಪದಲ್ಲಿ ದಾಖಲಾಗಿದ್ದರೂ ಸೂತ್ರಕ್ಕೆ ಅದು ಸಿಗುವುದಿಲ್ಲ. ಟ್ರಿಮ್ ಸೂತ್ರದಿಂದ ಆ ಖಾಲಿ ಜಾಗವನ್ನು ತೆಗೆದು, ಪಠ್ಯವನ್ನು ಸಂಖ್ಯೆಯಾಗಿ ಮಾರ್ಪಡಿಸಿದ ಮೇಲೆ ಉಳಿಯುವ ‘ಇಲ್ಲ’ ಮಾತ್ರ ಕೋಣೆಗೆ ದೀಪ ಹಚ್ಚಿದ ಮೇಲಿನ ‘ಇಲ್ಲ’.

ಸೂತ್ರವನ್ನು ಕೆಳಕ್ಕೆ ಎಳೆಯುವಾಗ ತುಟ್ಟಿಭತ್ಯೆಯ ದರವಿರುವ ಕೋಶದ ವಿಳಾಸಕ್ಕೆ ಡಾಲರ್ ಚಿಹ್ನೆ ಹಾಕದಿದ್ದರೆ, ವಿಳಾಸವೂ ಸಾಲಿನೊಂದಿಗೆ ಕೆಳಕ್ಕೆ ಜಾರುತ್ತದೆ. ಮೊದಲ ಸಾಲು ಸರಿಯಿದ್ದ ಮಾತ್ರಕ್ಕೆ ಉಳಿದವು ಸರಿಯೆಂದು ತಿಳಿಯುವುದು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಒಂದು ಒಲೆಯನ್ನು ನೋಡಿ ತೀರ್ಮಾನಿಸಿದಂತೆ. ಹೊಗೆ ಬರುವುದು ಸೌದೆ ಹಸಿಯಾಗಿದ್ದಾಗ ಮಾತ್ರ; ಹೀಗೆ ಒಳಗೆ ಅಡಗಿರುವ ಷರತ್ತನ್ನು ತರ್ಕಶಾಸ್ತ್ರ ಉಪಾಧಿ ಎನ್ನುತ್ತದೆ. ಹಾಳೆಯಲ್ಲಿ ಆ ಡಾಲರ್ ಚಿಹ್ನೆಯೇ ಅಂಥ ಷರತ್ತು.

ಸೂತ್ರದ ಇಂಥ ತಪ್ಪಿಗೆ ವಿದ್ವಾಂಸರೂ ಹೊರತಲ್ಲ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು, ಸಾರ್ವಜನಿಕ ಸಾಲ ದೇಶದ ಉತ್ಪನ್ನದ ಶೇ. 90ನ್ನು ಮೀರಿದಾಗ ಬೆಳವಣಿಗೆ ತೀವ್ರವಾಗಿ ಕುಸಿಯುತ್ತದೆಂದು 2010ರಲ್ಲಿ ಬರೆದದ್ದು ಹಲವು ದೇಶಗಳ ಮಿತವ್ಯಯ ನೀತಿಯ ಚರ್ಚೆಯಲ್ಲಿ ಆಧಾರವಾಗಿ ಬಳಕೆಯಾಯಿತು. 2013ರಲ್ಲಿ ಥಾಮಸ್ ಹರ್ನ್‌ಡನ್, ಮೈಕೇಲ್ ಆಶ್, ರಾಬರ್ಟ್ ಪಾಲಿನ್ ಅವರು ಲೇಖಕರಿಂದಲೇ ಪಡೆದ ಮೂಲ ಹಾಳೆಯನ್ನು ತೆರೆದು ನೋಡಿದಾಗ, ಸರಾಸರಿಯ ಸೂತ್ರ 20 ದೇಶಗಳ ಸಾಲುಗಳನ್ನು ಪೂರ್ತಿ ಒಳಗೊಳ್ಳದೆ ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಈ ಐದನ್ನು ಬಿಟ್ಟಿದ್ದುದು ಕಂಡಿತು. ಮರುಲೆಕ್ಕದಲ್ಲಿ, ಸಾಲ ಆ ಮಿತಿ ಮೀರಿದಾಗಿನ ಸರಾಸರಿ ಬೆಳವಣಿಗೆ ಶೇ. −0.1ರ ಬದಲು ಶೇ. 2.2 ಆಯಿತು. ಈ ಅಂತರದ ಹೆಚ್ಚಿನ ಪಾಲು ದತ್ತಾಂಶದ ಆಯ್ಕೆ ಮತ್ತು ತೂಕದ ಕ್ರಮದಿಂದ ಬಂದದ್ದೆಂಬುದನ್ನೂ ಹೇಳಬೇಕು, ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರೆಂಬುದನ್ನೂ ಹೇಳಬೇಕು. ಗಮನಿಸಬೇಕಾದದ್ದು, ಮೂರು ವರ್ಷ ಓದುಗರ ಕೈಯಲ್ಲಿದ್ದದ್ದು ಫಲಿತಾಂಶ ಮಾತ್ರ. ಫಲಿತಾಂಶವನ್ನು ಎಷ್ಟು ಸಲ ಓದಿದರೂ ಅದರ ಕಾರಣದ ದೋಷ ಅದರಲ್ಲಿ ಕಾಣುವುದಿಲ್ಲ.

ಹಾಗೆಂದು ಪ್ರತಿ ಕೋಶವನ್ನೂ ಸಂಶಯಿಸುತ್ತ ಕುಳಿತರೆ ತಿಂಗಳ ಕೊನೆಗೆ ಯಾರ ಸಂಬಳವೂ ಆಗದು, ಮೀಮಾಂಸಕರು ಹೆದರಿದ ಅನವಸ್ಥೆ ಅದೇ. ಈ ಬಿಕ್ಕಟ್ಟಿಗೆ ಮಧ್ವಾಚಾರ್ಯರ ಪರಂಪರೆ ಕೊಟ್ಟ ಉತ್ತರ ಹೆಚ್ಚು ಉಪಯುಕ್ತವಾಗಿದೆ. ಅವರ ಪ್ರಕಾರ ಜ್ಞಾನದ ಪ್ರಾಮಾಣ್ಯವನ್ನು ಗ್ರಹಿಸುವುದು ಒಳಗಿನ ಸಾಕ್ಷಿ, ಅಂದರೆ ಆತ್ಮಸ್ವರೂಪವೇ ಆದ ಅರಿವಿನ ಶಕ್ತಿ. ಸಂಶಯ ಎದ್ದ ಕಡೆ ಮಾತ್ರ ಅದು ಪರೀಕ್ಷೆಯ ನೆರವು ಪಡೆದು ನಿಶ್ಚಯಕ್ಕೆ ಬರುತ್ತದೆ. ಪರೀಕ್ಷೆ ಎಲ್ಲೆಡೆ ಬೇಡ, ಆದರೆ ಸಂಶಯ ಏಳಬೇಕಾದ ಕಡೆ ಏಳುವಂತೆ ಸಾಕ್ಷಿ ಎಚ್ಚರವಿರಬೇಕು. ಒಟ್ಟು ಮೊತ್ತವನ್ನು ಅಡ್ಡಸಾಲು ಮತ್ತು ಕಂಬಸಾಲು ಎರಡರಿಂದಲೂ ತೆಗೆದು ತಾಳೆ ನೋಡುವುದು, ಪಟ್ಟಿಯ ಮೊದಲ, ನಡುವಿನ ಮತ್ತು ಕೊನೆಯ ಒಬ್ಬೊಬ್ಬರ ಲೆಕ್ಕವನ್ನು ಕೈಯಿಂದ ಮಾಡಿ ನೋಡುವುದು ಇಂಥ ಪರೀಕ್ಷೆಗಳು.

ಈ ಎಚ್ಚರಕ್ಕೆ ಕನ್ನಡದ ಕಾಯಕ ವಿಚಾರದಲ್ಲಿಯೂ ನೆಲೆಯಿದೆ; ಅದು ಲೆಕ್ಕದ ಮನೆಗೆ ಹೊರಗಿನದಲ್ಲ. ಪರಂಪರೆಯ ಕಥನಗಳಲ್ಲಿ ಬಸವಣ್ಣ ಬಿಜ್ಜಳನ ಆಡಳಿತದಲ್ಲಿ ಕರಣಿಕ, ಅಂದರೆ ಲೆಕ್ಕ ಬರೆಯುವವನಾಗಿದ್ದು ಮುಂದೆ ಭಂಡಾರಿಯಾದವನು. ಕಾಯಕವೆಂದರೆ ದುಡಿಮೆಯಷ್ಟೇ ಅಲ್ಲ, ದುಡಿಮೆಯ ಶುದ್ಧಿ. ಆ ಶುದ್ಧಿ ಮನಸ್ಸಿನ ಪ್ರಾಮಾಣಿಕತೆಯಿಂದ ಮಾತ್ರ ಬರುತ್ತದೆಂದು ಭಾವಿಸಿದರೆ, ಸದುದ್ದೇಶದ ನೌಕರರು ತಪ್ಪು ಸೂತ್ರದಿಂದ ಯಾರದೋ ಪಿಂಚಣಿಯನ್ನು ಕಡಿಮೆ ಮಾಡಿದಾಗ ಹೇಳಲು ಏನೂ ಉಳಿಯುವುದಿಲ್ಲ. ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದ ಕಥೆಯನ್ನು ಸಾಮಾನ್ಯವಾಗಿ ನಿರಪೇಕ್ಷೆಯ, ಅಪರಿಗ್ರಹದ ಕಥೆಯಾಗಿ ಓದಲಾಗುತ್ತದೆ. ಅದರಲ್ಲಿ ಇನ್ನೊಂದು ಅಂಶವೂ ಇದೆ: ಹೆಚ್ಚಾಗಿದೆಯೆಂಬುದು ಅವಳಿಗೆ ಕೂಡಲೇ ತಿಳಿಯಿತು, ಏಕೆಂದರೆ ಪ್ರತಿದಿನದ ಪ್ರಮಾಣ ಎಷ್ಟೆಂಬುದು ಅವಳ ಕೈಗೆ ಗೊತ್ತಿತ್ತು. ಈ ತಿಂಗಳ ಮೊತ್ತ ಪರದೆಯಲ್ಲಿ ಮೂಡುವ ಮೊದಲೇ ಹೋದ ತಿಂಗಳ ಮೊತ್ತವೆಷ್ಟು, ಈ ನಡುವೆ ನಿವೃತ್ತರಾದವರು ಎಷ್ಟು ಮಂದಿ, ಹೊಸಬರು ಎಷ್ಟು ಮಂದಿ ಎಂದು ಲೆಕ್ಕ ಹಾಕಿಕೊಂಡು, ಆಮೇಲೆ ಹಾಳೆಯನ್ನು ತೆರೆಯುವ ನೌಕರರು ಮಾಡುವುದೂ ಅದನ್ನೇ.