ಪಾರಣೆಗೆ ಅಂಜುವ ಉಪವಾಸ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಸ್ಸುಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೊದಲ ನಾಲ್ಕು, ಅಂದರೆ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ ಮತ್ತು ರಸಪರಿತ್ಯಾಗಗಳು ಆಹಾರಕ್ಕೇ ಸಂಬಂಧಿಸಿದವು. ಊಟವನ್ನು ಬಿಡುವುದು, ಹೊಟ್ಟೆ ತುಂಬುವ ಮೊದಲೇ ಏಳುವುದು, ಆಹಾರ ಸ್ವೀಕಾರಕ್ಕೆ ನಿಯಮವಿಟ್ಟುಕೊಳ್ಳುವುದು, ಹಾಲು ತುಪ್ಪಾದಿ ರಸಗಳನ್ನು ತ್ಯಜಿಸುವುದು, ಇವೆಲ್ಲ ಕರ್ಮನಿರ್ಜರೆಗೆ ಸಾಧನಗಳು. ಆದುದರಿಂದಲೇ ಜೈನರ ಮನೆಗಳಲ್ಲಿ ಉಪವಾಸವಿರುವವರಿಗೆ ವಿಶೇಷ ಗೌರವ. ಆದರೆ ಈ ಗೌರವದ ಮರೆಯಲ್ಲಿಯೇ ಒಂದು ವ್ಯಾಧಿಯು ಅಡಗಿ ಕುಳಿತರೆ ಅದನ್ನು ಗುರುತಿಸುವ ಬಗೆ ಯಾವುದು? ಇದು ಇಂದು ಪ್ರತಿಯೊಂದು ಶ್ರಾವಕ ಕುಟುಂಬವೂ ವಿಚಾರ ಮಾಡಬೇಕಾದ ಪ್ರಶ್ನೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನದ ಕಾಲೇಜುಗಳಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ತರುಣ ತರುಣಿಯರ ಕೈಯಲ್ಲಿ ಈಗ ಮೊಬೈಲು ಇದೆ. ತೆಳ್ಳನೆಯ ಮೈಯೇ ಚೆಲುವು, ಹುರಿಗಟ್ಟಿದ ತೋಳೇ ಪೌರುಷ ಎಂದು ಅದರೊಳಗಿನ ಚಿತ್ರಗಳು ಹಗಲಿರುಳು ಬೋಧಿಸುತ್ತವೆ. ಅಂತಹ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ಬೆಳಿಗ್ಗೆ ಬಸ್ಸಿಗೆ ತಡವಾಯಿತೆಂದು ತಿಂಡಿಯನ್ನು ಬಿಡುತ್ತಾಳೆ. ಮಧ್ಯಾಹ್ನದ ಬುತ್ತಿಯನ್ನು ಗೆಳತಿಯರಿಗೆ ಹಂಚುತ್ತಾಳೆ. ಮನೆ ಸೇರುವ ವೇಳೆಗೆ ಸೂರ್ಯಾಸ್ತವಾಗಿರುತ್ತದೆ. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಏಕೆ ಉಣ್ಣಲಿಲ್ಲವೆಂದು ಕೇಳುವವರಿಲ್ಲ. ಅಷ್ಟಮಿ ಚತುರ್ದಶಿಗಳು ಬಂದರೆ ಆಕೆಯೇ ಮೊದಲು ಉಪವಾಸಕ್ಕೆ ನಿಲ್ಲುತ್ತಾಳೆ. “ನಮ್ಮ ಮಗುವಿಗೆ ಈ ವಯಸ್ಸಿಗೇ ಎಷ್ಟು ಶ್ರದ್ಧೆ!” ಎಂದು ಅಜ್ಜಿ ಹಿಗ್ಗುತ್ತಾರೆ. ಹಸಿವು ತಡೆಯಲಾರದ ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಮಿತಿಮೀರಿ ತಿಂದು, ಬಳಿಕ ನಾಚಿ, ತಿಂದುದನ್ನು ಬಲವಂತದಿಂದ ಹೊರಹಾಕುವುದೂ ಉಂಟು. ಹುಡುಗರೂ ಈ ಬಾಧೆಗೆ ಹೊರತಲ್ಲ.

ಹೊರನೋಟಕ್ಕೆ ಈಕೆಯ ನಡೆಯೂ ಅನಶನವೇ, ರಸಪರಿತ್ಯಾಗವೇ. ಭೇದವನ್ನು ತೋರಿಸುವ ಒರೆಗಲ್ಲು ಶಾಸ್ತ್ರದಲ್ಲಿಯೇ ಇದೆ. ವ್ರತಿಯಾದವನು ನಿಃಶಲ್ಯನಾಗಿರಬೇಕು, ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಮುಳ್ಳುಗಳು ಮನಸ್ಸಿನಲ್ಲಿ ಉಳಿದಿರಬಾರದು. ಉಂಡೆನೆಂದು ಹೇಳಿ ಉಣ್ಣದಿರುವುದು, ತಿಂದುದನ್ನು ಮುಚ್ಚಿಡುವುದು ಮಾಯೆ. ಮೂಳೆ ಎದ್ದು ಕಾಣುವ ಮೈಯನ್ನೂ ದಪ್ಪವೆಂದು ಕಾಣುವುದು, ಆ ಮೈಯೇ ತಾನೆಂದು ನಂಬುವುದು ಮಿಥ್ಯಾತ್ವದ ನೆರಳು. ಉಪವಾಸದ ಫಲವಾಗಿ ರೂಪವನ್ನು ಬಯಸುವುದು ನಿದಾನ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಉಪವಾಸದ ದಿನ ಬಿಡಬೇಕಾದುವುಗಳಲ್ಲಿ ಅಲಂಕಾರವನ್ನೂ ಎಣಿಸಿದ್ದಾರೆ. ಅಲಂಕಾರವನ್ನು ಬಿಡಬೇಕಾದ ದಿನವನ್ನೇ ಅಲಂಕಾರಕ್ಕೆ ಸಾಧನ ಮಾಡಿಕೊಂಡರೆ ಅದು ವ್ರತ ಹೇಗಾದೀತು?

ಎರಡನೆಯ ಒರೆಗಲ್ಲು ಪಾರಣೆ. ವ್ರತಕ್ಕೆ ಸಂಕಲ್ಪವಿದೆ, ಅವಧಿಯಿದೆ, ಪಾರಣೆಯಿದೆ. ನೋಂಪಿಯನ್ನು ಹಿಡಿದವರು ಉದ್ಯಾಪನೆಯನ್ನೂ ಮಾಡುತ್ತಾರೆ. ವ್ರತಿಯು ಪಾರಣೆಯ ದಿನ ಶಾಂತನಾಗಿ ಉಣ್ಣುತ್ತಾನೆ. ವ್ಯಾಧಿಗ್ರಸ್ತರು ತುತ್ತನ್ನು ಕಂಡು ನಡುಗುತ್ತಾರೆ. ಜಿನಸೇನಾಚಾರ್ಯರ ಆದಿಪುರಾಣವು ಹೇಳುವಂತೆ ಆದಿದೇವನು ಆರು ತಿಂಗಳ ಅನಶನಯೋಗದ ಅನಂತರ ಆಹಾರಕ್ಕೆ ಹೊರಟದ್ದು ಹಸಿವನ್ನು ತಾಳಲಾರದೆ ಅಲ್ಲ. ಜೊತೆಯಲ್ಲಿ ದೀಕ್ಷೆ ಹಿಡಿದ ನಾಲ್ಕು ಸಾವಿರ ಅರಸರು ಶಕ್ತಿಮೀರಿದ ತಪಸ್ಸಿನಿಂದ ಭ್ರಷ್ಟರಾದುದನ್ನು ನೆನೆದು, ಮುಮುಕ್ಷುವು ದೇಹವನ್ನು ಬರಿದೆ ಸೊರಗಿಸಲೂ ಬಾರದು, ಇಷ್ಟಭೋಜನದಿಂದ ಕೊಬ್ಬಿಸಲೂ ಬಾರದು ಎಂಬ ಮಾರ್ಗವನ್ನು ತೋರಿಸಲು ಹೊರಟನು. ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ರಸವನ್ನು ನೀಡಿದ ಆ ದಿನವನ್ನೇ ಜೈನರು ಅಕ್ಷಯ ತೃತೀಯವೆಂದು ಆಚರಿಸುತ್ತಾರೆ. ಜಿನಮತದಲ್ಲಿ ಪಾರಣೆಯೂ ಒಂದು ಪರ್ವ.

ಹಾಗಾದರೆ ಈ ಮಕ್ಕಳು ಕಪಟಿಗಳೆಂದು ನಿಂದಿಸಬೇಕೆ? ಅದು ಸಲ್ಲದು. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಈ ಬಗೆಯ ನಿರಾಹಾರವನ್ನು ಒಂದು ರೋಗವೆಂದು ಗುರುತಿಸಿ ಹೆಸರಿಟ್ಟನು. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ 36 ಮಂದಿ ಆರೋಗ್ಯವಂತ ತರುಣರು ಸ್ವಇಚ್ಛೆಯಿಂದ ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಅಷ್ಟೇ ಅಲ್ಲ, ಅವರು ಖಿನ್ನರಾದರು, ಸಿಡುಕರಾದರು. ಸದಾ ಊಟದ ಚಿಂತೆಯಲ್ಲಿ ಮುಳುಗಿ ಅಡುಗೆಯ ಪುಸ್ತಕಗಳನ್ನು ಓದುತ್ತ ಕುಳಿತರು. ದೀರ್ಘಕಾಲದ ಹಸಿವು ಮನಸ್ಸನ್ನೇ ಕದಡುತ್ತದೆಂಬುದಕ್ಕೆ ಇದು ಸಾಕ್ಷಿ. ಆರಂಭದಲ್ಲಿ ಇಚ್ಛೆಯಿಂದ ತೊಡಗಿದವರಿಗೂ ಮುಂದೆ ನಿಲ್ಲಿಸುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಸ್ವಾತಂತ್ರ್ಯವಿಲ್ಲದೆಡೆ ತ್ಯಾಗವೂ ಇಲ್ಲ. ಇರುವುದು ರೋಗ ಮಾತ್ರ.

ಹಿರಿಯರಿಗೆ ಇಲ್ಲೊಂದು ಅಳುಕು ಕಾಡುತ್ತದೆ. ಉಪವಾಸವನ್ನು ತಡೆದರೆ ಅಂತರಾಯದ ದೋಷ ಬರುವುದೇ, ವ್ರತಭಂಗದ ಪಾಪ ತಟ್ಟುವುದೇ ಎಂದು. ಇದಕ್ಕೆ ಸಮಂತಭದ್ರರ ಜೀವನವೇ ಉತ್ತರ ನೀಡುತ್ತದೆ. ಅವರಿಗೆ ಎಷ್ಟು ಉಂಡರೂ ಹಸಿವು ತಣಿಯದ ಭಸ್ಮಕವ್ಯಾಧಿ ತಗಲಿತ್ತೆಂದು ಪರಂಪರೆ ಹೇಳುತ್ತದೆ; ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯೂ ಅದನ್ನು ಸ್ಮರಿಸುತ್ತದೆ. ವ್ಯಾಧಿಯಿಂದ ನೊಂದ ಅವರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟಾದರೂ ಮೊದಲು ರೋಗವನ್ನು ಕಳೆದುಕೊ, ಬಳಿಕ ಮತ್ತೆ ದೀಕ್ಷೆ ಹಿಡಿ ಎಂದು ಆಜ್ಞಾಪಿಸಿದರೆಂದು ಕಥೆ. ಅವರು ಶಿವಾಲಯವೊಂದರಲ್ಲಿ ದೇವರಿಗೆ ಅರ್ಪಿತವಾಗುತ್ತಿದ್ದ ಅನ್ನವನ್ನು ಉಂಡು ಗುಣಹೊಂದಿ, ಮರಳಿ ಮುನಿಗಳಾದರು. ಮಹಾವ್ರತಿಗೇ ಗುರುವು ಚಿಕಿತ್ಸೆಯನ್ನು ಮೊದಲು ವಿಧಿಸಿರುವಾಗ, ಕಾಲೇಜಿನ ಹುಡುಗಿಯ ಉಪವಾಸವನ್ನು ಬಿಡಿಸುವುದರಲ್ಲಿ ದೋಷವೆಲ್ಲಿಯದು? ತಪಸ್ಸು ಶಕ್ತ್ಯನುಸಾರವಾಗಿರಬೇಕೆಂಬುದು ಷೋಡಶ ಭಾವನೆಗಳಲ್ಲಿಯೇ ಸೇರಿದೆ.

ಆದುದರಿಂದ ಹಿರಿಯರ ಕರ್ತವ್ಯ ಸ್ಪಷ್ಟವಾಗಿದೆ. ಮಕ್ಕಳ ಮೈಯ ಗಾತ್ರವನ್ನು ಕುರಿತು ಹಾಸ್ಯ ಮಾಡುವುದನ್ನು, ಮದುವೆಯ ಮಾತಿನಲ್ಲಿ ಹುಡುಗಿಯ ತೂಕವನ್ನು ಎಣಿಸುವುದನ್ನು ಮೊದಲು ತ್ಯಜಿಸಬೇಕು. ಉಪವಾಸದ ದಿನಗಳನ್ನು ಲೆಕ್ಕ ಹಾಕಿ ಹೊಗಳುವ ಬದಲು ಆ ದಿನ ಸ್ವಾಧ್ಯಾಯ ನಡೆಯಿತೇ, ಮನಸ್ಸು ಶಾಂತವಾಗಿತ್ತೇ ಎಂದು ವಿಚಾರಿಸಬೇಕು. ತೂಕ ಬೇಗ ಇಳಿಯುವುದು, ತಲೆಸುತ್ತು, ತಿಂಗಳ ಮುಟ್ಟು ನಿಲ್ಲುವುದು, ಊಟವಾದೊಡನೆ ಬಚ್ಚಲಿಗೆ ಓಡುವುದು, ಇವು ಕಂಡರೆ ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪದೇ ಪದೇ ವಾಂತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ಬಹುದಿನ ಉಣ್ಣದವರಿಗೆ ಒಮ್ಮೆಲೇ ಹೊಟ್ಟೆತುಂಬ ಬಡಿಸುವುದೂ ಪ್ರಾಣಕ್ಕೆ ಅಪಾಯ; ಅವರ ಪಾರಣೆ ವೈದ್ಯರ ಕಣ್ಣೆದುರಿಗೆ ಸ್ವಲ್ಪಸ್ವಲ್ಪವಾಗಿ ಆಗಬೇಕು. ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಸಮೀಪದಲ್ಲಿಯೇ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಯಾವ ವೇಳೆಯಲ್ಲಾದರೂ ಕರೆ ಮಾಡಬಹುದು.

ಗುಣವಾಗುವವರೆಗೆ ಅಂಥವರಿಗೆ ಉಪವಾಸ ಬೇಡ. ಜಪ, ಸ್ವಾಧ್ಯಾಯ, ದಾನ, ವೈಯಾವೃತ್ತ್ಯಗಳ ಬಾಗಿಲು ಸದಾ ತೆರೆದೇ ಇರುತ್ತದೆ. ಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯು ಸೊರಗಿದ ಮೈಯಲ್ಲಿ ನಿಂತಿಲ್ಲ. ವರ್ಷವಿಡೀ ನಿರಾಹಾರನಾಗಿದ್ದ ಅವನಿಗೂ ಕೇವಲಜ್ಞಾನ ದೊರೆತದ್ದು ಮನಸ್ಸಿನ ಮುಳ್ಳು ಕಳಚಿದ ಮೇಲೆ. ಮುಳ್ಳನ್ನು ಕೀಳದೆ ಅನ್ನವನ್ನು ಮಾತ್ರ ಬಿಡುವುದನ್ನು ಜಿನಮತವು ತಪಸ್ಸೆಂದು ಕರೆದಿಲ್ಲ.