ಸಿಂಕಿಂಗ್ ಫಂಡು

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಬಿಲ್ಲಿನಲ್ಲಿ ‘ಸಿಂಕಿಂಗ್ ಫಂಡ್’ ಅಂತ ಒಂದು ಸಾಲು ಇರುತ್ತದೆ. ಮಹಾರಾಷ್ಟ್ರದ ಮಾದರಿ ಉಪನಿಯಮದ ಪ್ರಕಾರ ಫ್ಲ್ಯಾಟು ಕಟ್ಟಿದ ವೆಚ್ಚದ ಕನಿಷ್ಠ ಶೇಕಡಾ 0.25ರಷ್ಟು ಹಣ ವರ್ಷಾವರ್ಷ ಅದಕ್ಕೆ ಹೋಗಬೇಕು; ರಿಪೇರಿ ನಿಧಿಗೆ ಶೇಕಡಾ 0.75. ಹೊಸದಾಗಿ ಬಂದಾಗ ಇದೆಲ್ಲ ದುಡ್ಡು ಕೀಳುವ ಉಪಾಯ ಅನ್ನಿಸಿತ್ತು. ಕಟ್ಟಡ ಗಟ್ಟಿಯಾಗೇ ಇದೆ, ಯಾರೂ ಒಡೆಯುತ್ತಿಲ್ಲವಲ್ಲ!

ಒಡೆಯುವವರು ಬೇಕಾಗಿಲ್ಲ ಅನ್ನುವುದು ನಾಲ್ಕಾರು ಮಳೆಗಾಲ ಕಳೆದ ಮೇಲೆ ತಿಳಿಯಿತು. ಮೊದಲು ಕೂದಲೆಳೆಯಂಥ ಬಿರುಕು. ಅದರಲ್ಲಿ ನೀರು ಇಳಿದು ಒಳಗಿನ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಬಿರುಕು ಅಗಲವಾದಷ್ಟೂ ನೀರು ಹೆಚ್ಚು. ಕೆಡುವುದು ಮತ್ತಷ್ಟು ಕೆಡುವುದಕ್ಕೆ ತಾನೇ ದಾರಿ ಮಾಡಿಕೊಡುತ್ತದೆ.

ನಮ್ಮ ಮನೆಯ ಕನ್ನಡಕ್ಕೂ ಹೀಗೇ ಆಯಿತು. ಶಾಲೆಯಿಂದ ಬಂದ ಮಗ ಹಿಂದಿಯಲ್ಲಿ ಏನೋ ಕೇಳಿದ. ಲೋಕಲ್ ಟ್ರೇನಿನಲ್ಲಿ ಜೋತಾಡಿ ದಣಿದು ಬಂದಿದ್ದ ನಾನು ಹಿಂದಿಯಲ್ಲೇ ಉತ್ತರ ಕೊಟ್ಟೆ. ಅಷ್ಟೇ. ಆಡದೆ ಅವನ ನಾಲಿಗೆ ತಡವರಿಸಿತು. ತಡವರಿಸಿದ್ದಕ್ಕೆ ರಜೆಯಲ್ಲಿ ಧಾರವಾಡದ ಹುಡುಗರು ನಕ್ಕರು. ನಕ್ಕಿದ್ದಕ್ಕೆ ಅವನು ಇನ್ನೂ ಕಡಿಮೆ ಆಡಿದ. ಕೊನೆಗೊಂದು ದಿನ ಅವ್ವನೇ ಫೋನಿನಲ್ಲಿ, “ಅವಂಗ ಕೊಡಬ್ಯಾಡಪಾ. ನಾ ಹೇಳಿದ್ದು ಅವಂಗ ತಿಳಿಯಂಗಿಲ್ಲ, ಸುಮ್ನ ತ್ರಾಸ” ಅಂದಳು.

ಯಾರನ್ನು ದೂರುವುದು? ಯಾರೂ ಏನೂ ಮಾಡಿರಲಿಲ್ಲ. ‘ನಾನೇನೂ ಮಾಡಿಲ್ಲ’ ಅನ್ನುವುದು ನಿರಪರಾಧಿಯ ಮಾತು ಅಂತ ನಾನು ತಿಳಿದಿದ್ದೆ. ಇಲ್ಲಿ ಅದೇ ನನ್ನ ತಪ್ಪೊಪ್ಪಿಗೆ.

ಊರಿನಲ್ಲಿದ್ದರೆ ಹೀಗಾಗುತ್ತಿರಲಿಲ್ಲ. ಅದು ನನ್ನ ಹೆಚ್ಚುಗಾರಿಕೆಯಿಂದಲ್ಲ. ಅಲ್ಲಿ ಕಿರಾಣಿ ಅಂಗಡಿಯವರು, ಬಸ್ ಕಂಡಕ್ಟರು, ಓಣಿಯ ಹುಡುಗರು ಎಲ್ಲ ಸೇರಿ, ತಮಗೇ ಗೊತ್ತಿಲ್ಲದೆ, ನನ್ನ ಪಾಲಿನ ಕಂತನ್ನೂ ಕಟ್ಟುತ್ತಿದ್ದರು. ಪರಊರಿಗೆ ಬಂದವನಿಗೆ ಆ ಸವಲತ್ತು ಇಲ್ಲ. ಇಲ್ಲಿ ಎಲ್ಲವನ್ನೂ ಉಳಿಸಿಕೊಳ್ಳಲೂ ಆಗುವುದಿಲ್ಲ, ನಿಜ. ಕೆಲವನ್ನು ಬಿಡಬೇಕಾಗುತ್ತದೆ. ಆದರೆ ಏನನ್ನು ಬಿಡುತ್ತೇವೆ ಅಂತ ನಾವು ಕೂತು ಯೋಚಿಸಬೇಕಲ್ಲವೆ? ಯೋಚಿಸದಿದ್ದರೆ ದಣಿವೇ ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ.

ಈಗ ಭಾನುವಾರ ಸಂಜೆ ಅರ್ಧ ತಾಸು ಅಜ್ಜಿ-ಮೊಮ್ಮಗನ ಮಾತು. ಮೊದಲ ವಾರ “ಊಟ ಆಯ್ತಾ ಅಜ್ಜಿ?” ಆದ ಮೇಲೆ ಇಬ್ಬರೂ ಸುಮ್ಮನೆ ಕೂತರು. ನಾನು ಬಾಯಿ ಹಾಕಲಿಲ್ಲ. ಕಂತು ಸಣ್ಣದು, ತಪ್ಪಿಸಬಾರದು, ಅಷ್ಟೆ.