ಸಹಿ ತಾಳೆಯಾಗ್ತಿಲ್ಲ

ನನ್ನ ಸೋದರಮಾವ ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವರು. ಸಹಿ ಒಂದು ಗೀಟು ಆಚೀಚೆಯಾದರೂ ಚೆಕ್ ವಾಪಸ್. ಕಳೆದ ವರ್ಷ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ದಿನಾ ಬೆಳಗ್ಗೆ ಅವರ ಕೈಗೆ ಪೆನ್ನು ಕೊಟ್ಟು ಒಂದೇ ವಾಕ್ಯ ಬರೆಸುತ್ತಿದ್ದರು. 'ಇಡ್ಲಿ ಕೊಟ್ರು, ಚಟ್ನಿ ಇರ್ಲಿಲ್ಲ.' ಮಾವನೇ ಆರಿಸಿಕೊಂಡ ವಾಕ್ಯ. ಆರನೇ ದಿನ ಅಕ್ಷರಗಳು ಗೆರೆ ಬಿಟ್ಟು ಜಾರಿದವು. 'ಚಟ್ನಿ' ಬರೆಯೋಕೆ ಆಗಲೇ ಇಲ್ಲ.

ಮಾವನಿಗೆ ಲಿಂಫೋಮಾ. ಕೀಮೋ ಎರಡು ಸಲ ಕೈಕೊಟ್ಟ ಮೇಲೆ ಡಾಕ್ಟರು ಕಾರ್-ಟಿ ಅಂದರು. ರೋಗಿಯದೇ ರಕ್ತದಿಂದ ಟಿ-ಕೋಶಗಳನ್ನು ತೆಗೆದು, ಹೊಸ ಜೀನ್ ಸೇರಿಸಿ, ಬೆಳೆಸಿ, ಮತ್ತೆ ಮೈಗೆ ಬಿಡುತ್ತಾರೆ. ಆ ಕೋಶ ಕಲಿತಿರೋದು ಒಂದೇ ಪಾಠ: ಸಿಡಿ19 ಅನ್ನೋ ಗುರುತು ಕಂಡರೆ ಕೊಲ್ಲು. ಆ ಗುರುತು ಕ್ಯಾನ್ಸರ್ ಹಿಡಿದ ಬಿ-ಕೋಶದ ಮೇಲೂ ಇರುತ್ತೆ, ಒಳ್ಳೇ ಬಿ-ಕೋಶದ ಮೇಲೂ ಇರುತ್ತೆ. ಎರಡೂ ಸಾಯುತ್ತವೆ. ಬೇಟೆ ಸಿಕ್ಕಷ್ಟೂ ಕಾರ್-ಟಿ ಕೋಶಗಳು ಹೆಚ್ಚುತ್ತಾ ಹೋಗುತ್ತವೆ. ಮೊದಲೆರಡು ವಾರ ಆ ಗದ್ದಲಕ್ಕೆ ಜ್ವರ ಏರಬಹುದು, ಬಿಪಿ ಇಳಿಯಬಹುದು, ಕೆಲವರಿಗೆ ಬುದ್ಧಿ ಮಂಕಾಗಬಹುದು. ಆ ಮಂಕು ಬೇಗ ಗೊತ್ತಾಗಲಿ ಅಂತಲೇ ಈ ಕೈಬರಹದ ಪರೀಕ್ಷೆ.

ಮಾತ್ರೆ ಬೇಡ ಅನ್ನಿಸಿದರೆ ನಾಳೆಯಿಂದ ನುಂಗದಿದ್ದರಾಯ್ತು. ಇದು ಜೀವ ಇರೋ ಮದ್ದು. 2010ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಾರ್-ಟಿ ಪಡೆದ ಇಬ್ಬರು ರಕ್ತಕ್ಯಾನ್ಸರ್ ರೋಗಿಗಳ ಮೈಯಲ್ಲಿ ಹತ್ತು ವರ್ಷದ ಮೇಲೂ ಆ ಕೋಶಗಳು ಸಿಕ್ಕವು. ಹಾಗಾದರೆ ಒಂದು ದಿನ ಹಾಕಿದ ಸಹಿ ಎಷ್ಟು ದಿನಕ್ಕೆ ಒಪ್ಪಿಗೆ?

ಆರನೇ ದಿನ ಮಧ್ಯಾಹ್ನ, ಸ್ಟೀರಾಯ್ಡ್ ಇಂಜೆಕ್ಷನ್ ಕೊಡಲು ಬಂದ ನರ್ಸನ್ನು ಮಾವ ತಳ್ಳಿದರು. "ಸಾಕು ಕಣೋ, ಏನೂ ಬೇಡ, ಮನೆಗೆ ಕರ್ಕೊಂಡ್ ಹೋಗು." ಡಾಕ್ಟರು ನನ್ನ ಮುಖ ನೋಡಿದರು. "ಕೊಡಿ" ಅಂದೆ. ಮಾವನ ಕೈ ಒತ್ತಿ ಹಿಡಿದವನೂ ನಾನೇ.

ಅವರದೇ ರೂಲ್ಸ್ ಅವರಿಗೆ ಹಾಕಿದ್ದೆ: ಸಹಿ ತಾಳೆಯಾಗ್ತಿಲ್ಲ, ವಾಪಸ್. ಆದರೆ ಚೆಕ್ಕಿಗೆ ನೋವಾಗಲ್ಲ. ಸಾಕು ಅಂದವರೂ ನನ್ನ ಮಾವನೇ. ಸಹಿ ಹಾಕಿದ ದಿನ ಅವರಿಗೆ ಇಲ್ಲದ ನೋವು ಈ ದಿನ ಇತ್ತು.

ಮಾವ ಚೇತರಿಸಿಕೊಂಡರು. ಆ ಮಧ್ಯಾಹ್ನ ಅವರಿಗೆ ನೆನಪಿಲ್ಲ. "ನೀನು ಮಾಡಿದ್ದೇ ಸರಿ, ಹುಷಾರಾದ್ರಲ್ಲ" ಅಂತಾರೆ ಎಲ್ಲರೂ. ನನಗೆ ಈ ಮಾತೇ ಒಪ್ಪಿಗೆಯಾಗಲ್ಲ. ಲಿಂಫೋಮಾ ರೋಗಿಗಳ ಮೇಲೆ ನಡೆದ ಜೂಮಾ-1 ಪ್ರಯೋಗದಲ್ಲಿ ಐದು ವರ್ಷದ ನಂತರ ಬದುಕಿದ್ದವರು ಸುಮಾರು ಶೇ. 43. ಮಾವ ಉಳಿದ 57ರಲ್ಲಿ ಸೇರಿದ್ದರೆ ಅದೇ 'ಕೊಡಿ' ತಪ್ಪಾಗಿಬಿಡುತ್ತಿತ್ತಾ?

ನನ್ನ ತಪ್ಪು ಇದ್ದರೆ ಅದು ಇನ್ನೂ ಹಿಂದಿನದು. ಕೋಶಗಳು ಲ್ಯಾಬಿನಲ್ಲಿ ಬೆಳೆಯುತ್ತಿದ್ದ ವಾರಗಳಲ್ಲಿ ಇನ್ಶೂರೆನ್ಸ್, ರಜೆ, ಊಟ ಎಲ್ಲ ಮಾತಾಡಿದೆವು. "ಬುದ್ಧಿ ಮಂಕಾದಾಗ ಬೇಡ ಅಂದ್ರೆ ಯಾವ ಮಾತು ನಡೆಸಲಿ ಮಾವ?" ಅಂತ ಒಂದು ಸಲವೂ ಕೇಳಲಿಲ್ಲ.

ಹೋದ ತಿಂಗಳು ಕೇಳಿದೆ. ಒಳ್ಳೇ ಬಿ-ಕೋಶಗಳೂ ಹೋಗಿರೋದ್ರಿಂದ ಆಗಾಗ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಬೇಕು. ಅದಕ್ಕೇ ಕಾರಲ್ಲಿ ಹೊರಟಿದ್ದೆವು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅವತ್ತೇ ಕೇಳ್ಬೇಕಿತ್ತು ಕಣೋ. ಈಗ ಏನ್ ಹೇಳಿದ್ರೂ ಅದು ಬದುಕಿ ಉಳಿದೋನ ಉತ್ತರ. ಮುಂದಿನ ಸಲದ್ದು ಕೇಳು, ಹೇಳ್ತೀನಿ."

ಕೇಳಿದೆ. ಸಿಲ್ಕ್ ಬೋರ್ಡ್ ದಾಟೋವರೆಗೂ ಹೇಳಿದರು.